ಮೊದಲ ಮದುವೆ ಮುಗಿದ ಬಗೆ

ಹದಿನೇಳನೆಯ ಕಲಮಿನಲ್ಲಿ ಕೇಳಿದ್ದಾರೆ:
ಮೊದಲ ಮದುವೆ ಮುಗಿದದ್ದು ಹೇಗೆ?
ವಿಚ್ಛೇದನ, ಮರಣ, ಇತರೆ.
ಮೂರು ಚೌಕ. ಒಂದಕ್ಕೆ ಗುರುತು ಹಾಕಬೇಕು.
ಮುಗಿಯಿತು ಎಂದು ಇವರಿಗೆ ಯಾರು ಹೇಳಿದರು?

ಚರಿತಾ ಪಕ್ಕದಲ್ಲೇ ಕೂತು ಸ್ಕ್ಯಾನ್ ಮಾಡುತ್ತಿದ್ದಾಳೆ.
ಸುದ್ದಿ ಕೇಳಿ ಎಂಟು ದಿನ ಮಾತು ಬಿಟ್ಟವಳು,
ಕೊಲಂಬೊಗೆ ಬಾ ಎಂದರೆ ಪರೀಕ್ಷೆ ಇದೆ ಎಂದವಳು,
ಪರೀಕ್ಷೆ ಇರಲಿಲ್ಲ,
ರಾತ್ರಿ ಒಂದು ಗಂಟೆಗೆ ನನ್ನ ಕಡತ ಜೋಡಿಸುತ್ತಿದ್ದಾಳೆ.
ಒಂದೊಂದು ಕಾಗದವೂ ಎರಡು ಎಂಬಿಯೊಳಗೆ ಇರಬೇಕಂತೆ.
ಮರಣಪತ್ರವನ್ನು ಕುಗ್ಗಿಸಿದಳು, ಇನ್ನೂ ಕುಗ್ಗಿಸಿದಳು.
‘ಅಪ್ಪನ ಹೆಸರು ಮಸುಕಾಯ್ತು’ ಎಂದಳು ತೆರೆ ನೋಡುತ್ತಲೇ,
‘ಇರು, ಇನ್ನೊಂದು ಸಲ.’

ನನ್ನ ಹೆಸರಿನದೇ ಒಂದು ಪುರಾಣ.
ಮಲ್ಪೆಯ ಶಾಲೆಯಲ್ಲಿ ಜಲಜಾಕ್ಷಿ,
ಆಸ್ಪತ್ರೆಯ ಹಾಜರಿಯಲ್ಲಿ ಜಲಜಾ ಕಾಂಚನ್,
ರೇಷನ್ ಕಾರ್ಡಿನಲ್ಲಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಜಲಜಾಸಿ.
ಫೋರ್ಟಿನ ನೋಟರಿ, ಬಾಯಿತುಂಬ ಪಾನು,
ಐನೂರರ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಿದ
ಈ ಮೂವರೂ ಒಬ್ಬಳೇ ಎಂದು.
ನನಗೇ ಗೊತ್ತಿರಲಿಲ್ಲ. ಸಹಿ ಹಾಕಿದೆ.

ಅವನ ಹೆಸರಿಗೆ ಇವತ್ತಿಗೂ ನಾಲಿಗೆ ತೊಡರುತ್ತದೆ:
ಝ್ಬಿಗ್ನ್ಯೆವ್. ಒಂದೇ ಉಸಿರಿಗೆ ಎಷ್ಟು ಒತ್ತಕ್ಷರ!
ವಾರ್ಡಿನಲ್ಲಿ ನಾವು ದಾದಿಯರೆಲ್ಲ ಬಿಗು ಎಂದೆವು.
ಹಡಗಿನ ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡು
ಹದಿನಾಲ್ಕನೇ ಮಂಚದಲ್ಲಿ ಐದು ವಾರ,
ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರೂ
ಅಷ್ಟು ಬಿಗುವಿಲ್ಲದ ಗಂಡಸನ್ನು ನಾನು ನೋಡಿರಲಿಲ್ಲ.

ಗಂಡ ಹೆಂಡತಿ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?
ಮುರುಕು ಇಂಗ್ಲಿಷು, ಎಂದು ಬರೆದೆ.
ಬರೆಯದೆ ಬಿಟ್ಟದ್ದು: ಅವನಿಗೊಂದು ಕನ್ನಡ ಪದ ಬರುತ್ತದೆ,
ನನ್ನ ಡಬ್ಬಿಯ ಗಂಜಿ ಅವನ ಬಟ್ಟಲಿಗೆ ಬಗ್ಗಿಸುವಾಗ ಕಲಿತದ್ದು. ಸಾಕು.
ನೋವು ತಡೆಯದ ರಾತ್ರಿ ಸೂಜಿಯ ಹೊತ್ತಿಗೆ, ಸಾಕು.
ಕೊಲಂಬೊದ ರಿಜಿಸ್ಟ್ರಾರರ ಮುಂದೆ
ನನ್ನ ಊದಿದ ಬೆರಳಲ್ಲಿ ಉಂಗುರ ಗೆಣ್ಣಿಗೆ ನಿಂತಾಗ
ನಗುತ್ತ, ಸಾಕು ಸಾಕು.
ಈಗ ಫೋನು ಇಡುವ ಮುನ್ನ ಅದನ್ನೇ ಅನ್ನುತ್ತಾನೆ,
ಪ್ರಶ್ನೆಯ ಹಾಗೆ, ಕೊನೆ ಎತ್ತರಿಸಿ: ಸಾಕು?
ಸಾಲದು, ಎನ್ನುತ್ತೇನೆ.
ಆ ಪದ ಅವನಿಗೆ ಇನ್ನೂ ತಿಳಿದಿಲ್ಲ.

ಸಂಬಂಧ ನಿಜವೆನ್ನಲು ಇಪ್ಪತ್ತು ಫೋಟೋ ಬೇಕು, ಬಂಧುಗಳ ಸಮೇತ.
ನಮ್ಮ ಹತ್ತಿರ ನಾಲ್ಕಿವೆ.
ಒಂದರಲ್ಲಿ ಸಾಕ್ಷಿ ಹಾಕಿದ ಲಾಡ್ಜಿನ ಮ್ಯಾನೇಜರು ಕಣ್ಣು ಮುಚ್ಚಿದ್ದಾನೆ,
ಒಂದರಲ್ಲಿ ರಿಕ್ಷಾದವನು ನಮಗಿಂತ ಚೆಂದ ನಕ್ಕಿದ್ದಾನೆ.
ವಸಂತನ ಜೊತೆಗಿನ ಮದುವೆಗೆ ಆರುನೂರು ಎಲೆ ಬಿದ್ದಿತ್ತು.
ಆಲ್ಬಮ್ಮಿನ ತೂಕಕ್ಕೇ ಕಪಾಟಿನ ಹಲಗೆ ಬಾಗಿದೆ.
ಆಗ ಯಾರೂ ಕೇಳಲಿಲ್ಲ, ಇದು ನಿಜವೇ ಎಂದು.

ಮರಣದ ಚೌಕಕ್ಕೆ ಗುರುತು ಹಾಕಿದ್ದು ಚರಿತಾ.
ನಾನು ನೀರು ಕುಡಿಯಲು ಎದ್ದಿದ್ದೆ.

ಬೆಳಿಗ್ಗೆ ಕೌಂಟರಿನ ಹುಡುಗಿ ಬೆರಳಚ್ಚು ಕೇಳಿದಳು.
ಇಪ್ಪತ್ತೆಂಟು ವರ್ಷ ಸ್ಪಿರಿಟಿನಲ್ಲಿ ತೊಳೆದ ಬೆರಳು,
ಗಾಜಿನ ಮೇಲೆ ಒತ್ತಿದರೆ ಯಂತ್ರಕ್ಕೆ ಗೆರೆಯೇ ಸಿಗಲಿಲ್ಲ.
ಕೆಂಪು ದೀಪ. ಸೀರೆಗೆ ಒರೆಸಿಕೊಂಡೆ. ಮತ್ತೆ ಕೆಂಪು.
‘ಇನ್ನೊಂದು ಸಲ, ಆಂಟಿ.’
ಆರನೆಯ ಸಲಕ್ಕೆ ಹೆಬ್ಬೆಟ್ಟಷ್ಟೇ ಒಪ್ಪಿತು.
ತೊಂಬತ್ತು ದಿನ ಎಂದಳು. ಹೆಚ್ಚೂ ಆಗಬಹುದು.

ದಾದರಿನಲ್ಲಿ ಹೆಂಗಸರ ಡಬ್ಬಿ ಹತ್ತಿದೆ.
ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು.
ಮಡಿಲಲ್ಲಿ ಕಡತ, ಅದರ ಮೇಲೆ ಎರಡೂ ಕೈ.
ಮೊಣಕಾಲಿಗೆ ತಾಗಿ ನಿಂತವಳು, ಕೈಯಲ್ಲಿ ಮೆಂತೆಸೊಪ್ಪಿನ ಕಟ್ಟು,
ಈ ಊರಿನಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದಳು:
ಕುಠೇ ಉತರ್ಣಾರ್? ಎಲ್ಲಿ ಇಳೀತೀರಿ?

ಇಷ್ಟು ವರ್ಷ ಕೇಳಿದೊಡನೆ ಹೇಳಿದ ಉತ್ತರ.
ಕುರ್ಲಾ ದಾಟಿತು.
ಅವಳು ನನಗೆ ಕೇಳಿಸಲಿಲ್ಲವೆಂದುಕೊಂಡು
ಭುಜ ತಟ್ಟಿ ಮತ್ತೊಮ್ಮೆ ಕೇಳಿದಳು.